ಕಣ್ಣಲ್ಲಿ ಕಣ್ಣಿಟ್ಟು ಸುತ್ತುವುದಕ್ಕೊಂದು ಹೆಸರು

ಡಾರ್ಕಸ್: ಮಣ್ಣು ಯಾವಾಗ ಅಂತ ಕೇಳಿದ, ಲೆಟಿ. ಹೋದ ಶನಿವಾರ ಬಾಗಿಲಲ್ಲಿ ಟಿಕೆಟ್ ಡಬ್ಬ ಹಿಡ್ಕೊಂಡು ಕೂತಿದ್ದೆ. ಕುಣಿಯೋಕೆ ಬಂದಿದ್ದ ಹೊಸಬನೊಬ್ಬ ಟೋಪಿ ಎದೆಗೆ ಒತ್ಕೊಂಡು ಬಂದು, ಕಿವಿ ಹತ್ರ ಬಗ್ಗಿ, "ಮಣ್ಣು ಯಾವಾಗ?" ಅಂತ ಕೇಳಿದ.

ಲೆಟಿ: ನೀನೇನಂದೆ?

ಡಾರ್ಕಸ್: ಇದ್ದಿದ್ದು ಇದ್ದ ಹಾಗೆ ಹೇಳಿದೆ. "ತುಂಬಾ ವರ್ಷದ ಒಡನಾಟ. ಈಗಿಲ್ಲ. ಹೆಸರೆತ್ತಿದ್ರೆ ಕೆಲವರಿಗೆ ನೋವಾಗುತ್ತೆ, ಅದಕ್ಕೇ ಎತ್ತೋದಿಲ್ಲ" ಅಂದೆ.

ಓರಿನ್: ಅದಕ್ಕವನು?

ಡಾರ್ಕಸ್: ಡಬ್ಬಕ್ಕೆ ಒಂದು ನೋಟು ಹಾಕಿ, "ಹೂವಿಗೆ" ಅಂದು ಹೊರಟುಹೋದ.

ಕಾರ್ಬಿ ಹಾಲೋ ಎಂಬ ಊರಿನ ರೈತಸಂಘದ ಹಾಲ್‌ನ ಹಿಂಬದಿಯ ಅಡುಗೆಮನೆ. ಮಾರ್ಚ್ ತಿಂಗಳ ಶನಿವಾರ, ಸಂಜೆಯಾಗುತ್ತಿದೆ. ಹೊರಗೆ ವರ್ಮಾಂಟಿನ ರಸ್ತೆಗಳೆಲ್ಲ ಹಿಮ ಕರಗಿ ಕೆಸರಾಗಿವೆ. ಒಳಗೆ ಒಲೆಯ ಮೇಲೆ ಬಟಾಣಿ ಸೂಪು ಕುದಿಯುತ್ತಿದೆ. ಏಳೂವರೆಗೆ ಮುಂದಿನ ಹಾಲ್‌ನಲ್ಲಿ ಊರಿನ ಜೋಡಿಸಾಲಿನ ಕುಣಿತ. ಪಿಟೀಲು ನುಡಿಯುತ್ತದೆ, ಜನ ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಾರೆ, ಮುಂದಿನ ನಡೆ ಏನೆಂದು ವೇದಿಕೆಯ ಮೇಲಿಂದ ಒಬ್ಬರು ಮೈಕಿನಲ್ಲಿ ಕೂಗುತ್ತಾರೆ. ಕೂಗುವವಳು ಲೆಟಿ. ಅವಳ ಗಂಡ ಓರಿನ್ ಶಾಲಾ ಬಸ್ಸುಗಳ ರಿಪೇರಿಯಿಂದ ನಿವೃತ್ತನಾದವನು, ಹಾಲ್‌ನ ಒಲೆಗೆ ಸೌದೆ ಹಾಕುವವನು, ಮತ್ತು ಸುತ್ತಮುತ್ತಲ ಊರುಗಳ ಹೆಂಗಸರೆಲ್ಲ ಒಪ್ಪುವಂತೆ ಒಳ್ಳೆಯ ಕುಣಿತಗಾರ. ಡಾರ್ಕಸ್ ಬಾಗಿಲು ಕಾಯುವವಳು. ಬಾಗಿಲಿನ ಜೊತೆಗೆ ನಿಯಮಾವಳಿಯನ್ನೂ ಕಾಯುತ್ತಾಳೆ. ಈ ಮೂವರೂ ಸೇರಿದರೆ ಕುಣಿತದ ಸಮಿತಿ.

ಆ ಕುಣಿತದಲ್ಲಿ ಒಂದು ನಡೆಯಿದೆ. ಇಬ್ಬರು ಎದುರಾಗಿ, ಕೈ ತಾಗಿಸದೆ, ಬಲಭುಜ ಒಳಗಿಟ್ಟುಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಒಬ್ಬರ ಸುತ್ತ ಒಬ್ಬರು ಒಂದು ಸುತ್ತು ಬರಬೇಕು. ಅದಕ್ಕೆ ಹಿಂದಿನಿಂದ ಬಂದ ಹೆಸರು 'ಜಿಪ್ಸಿ', ಅಲೆಮಾರಿ ಜನರನ್ನು ಕರೆಯುವ ಮಾತು. ಚಳಿಗಾಲದಲ್ಲಿ ಮಿರೆಲಾ ಎಂಬಾಕೆ ಬಂದು ಕುಣಿಯತೊಡಗಿದಳು. ಒಂದು ಶನಿವಾರ ಲೆಟಿಯನ್ನು ಪಕ್ಕಕ್ಕೆ ಕರೆದು, "ನಮ್ಮಜ್ಜಿಯನ್ನ ಊರೂರಿಂದ ಓಡಿಸುವಾಗ ಕೂಗ್ತಿದ್ದ ಮಾತು ಅದು. ನೀವು ಮೈಕಲ್ಲಿ ಕೂಗಿದಾಗಲೆಲ್ಲ ನನ್ನ ಹೆಜ್ಜೆ ತಪ್ಪುತ್ತೆ" ಎಂದಳು. ಆ ದಿನದಿಂದಲೇ ಲೆಟಿ ಆ ಹೆಸರು ಕೂಗುವುದನ್ನು ಬಿಟ್ಟಳು. ಬಿಡುವುದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆದರೆ 'ಬಿಟ್ಟ ಸ್ಥಳ ತುಂಬಿರಿ' ಎಂಬ ಒಂದು ಅಂಕದ ಪ್ರಶ್ನೆಗೆ ಸಮಿತಿಗೆ ಇನ್ನೂ ಉತ್ತರ ಹೊಳೆದಿಲ್ಲ.

ಹೋದ ಶನಿವಾರ ಆ ಸ್ಥಳವನ್ನು ಖಾಲಿಯೇ ಬಿಡುವುದೆಂದು ಸಮಿತಿ ತೀರ್ಮಾನಿಸಿತ್ತು. ಆ ನಡೆ ಬಂದಾಗ ಲೆಟಿ ಬಾಯಿ ಮುಚ್ಚಿ ಅಂಗೈ ಎತ್ತಿದಳು. ಹಳಬರು ಮುಂದಿನ ಮಾತಿಗೆ ಕಾಯುತ್ತ ನಿಂತರು. ಹಳಬರು ತಲೆ ತಗ್ಗಿಸಿ ನಿಂತದ್ದನ್ನು ಹೊಸಬರು ನೋಡಿದರು. ಒಬ್ಬ ಟೋಪಿ ತೆಗೆದ. ಅವನ ಪಕ್ಕದವನೂ ತೆಗೆದ. ಅದರಾಚೆಯವನಿಗೆ ಟೋಪಿ ಇಲ್ಲದ್ದರಿಂದ ಎದೆಯ ಮೇಲೆ ಕೈಯಿಟ್ಟ. ಪಿಟೀಲಿನವರು ಏನೋ ಆಗಿದೆ ಎಂದುಕೊಂಡು ಕುಣಿತದ ಧಾಟಿಯಿಂದ ಮೆಲ್ಲಗೆ ಇಗರ್ಜಿಯ ಧಾಟಿಗೆ ಇಳಿದರು. ಆಮೇಲೆ ಇಡೀ ಹಾಲ್‌ನಲ್ಲಿ ಕುಣಿಯುವ ಧೈರ್ಯ ಯಾರಿಗೂ ಬರಲಿಲ್ಲ.

ಓರಿನ್: ಭಾನುವಾರ ಬೆಳಿಗ್ಗೆ ಗುಡ್ಡದ ಮೇಲಿನ ಎಲ್ಡ್ರಿಜ್ ದಂಪತಿ ಬಂದ್ರು. ಅವರು ಕುಣಿತಕ್ಕೆ ಬಂದಿರ್ಲಿಲ್ಲ, ಸುದ್ದಿ ಮಾತ್ರ ಹೋಗಿತ್ತು. ಕೈಯಲ್ಲಿ ಚೀಸ್ ಹಾಕಿ ಬೇಯಿಸಿದ ಮ್ಯಾಕರೋನಿ. ಬಾಗಿಲು ತೆಗೆದವನು ನಾನೇ. "ಓರಿನ್ ಹೋಗ್ಬಿಟ್ನಂತೆ" ಅಂದ್ರು.

ಡಾರ್ಕಸ್: ಅಯ್ಯೋ. ನೀನು?

ಓರಿನ್: "ಎಲ್ಲಿಗೆ?" ಅಂದೆ.

ಲೆಟಿ: ಅಷ್ಟಾದ್ಮೇಲೂ ಆ ಮ್ಯಾಕರೋನಿ ವಾಪಸ್ ಕೊಡ್ಲಿಲ್ಲ ಈ ಮನುಷ್ಯ.

ಓರಿನ್: ಸತ್ತವನ ಹೆಸರಲ್ಲಿ ತಂದಿದ್ದು. ಬೇಡ ಅನ್ನೋಕೆ ನಾನ್ಯಾರು?

ಡಾರ್ಕಸ್ ಕುರ್ಚಿ ಎಳೆದುಕೊಂಡು ಕೂತಳು. ಅವಳು ಕುರ್ಚಿ ಎಳೆದರೆ ಸಭೆ ಆರಂಭವಾಯಿತೆಂದು ಅರ್ಥ.

ಡಾರ್ಕಸ್: ವಿಷಯಕ್ಕೆ ಬರ್ತೀನಿ. ಖಾಲಿ ಜಾಗ ಇನ್ನೊಂದು ಸಲ ಬೇಡ. ಇವತ್ತು ಜನ ಬರೋಷ್ಟರಲ್ಲಿ ಹೆಸರು ತೀರ್ಮಾನ ಆಗಬೇಕು. ಇಲ್ಲಾಂದ್ರೆ ಕೀನ್ ಊರಿನ ಆ ಹೊಸ ಹುಡುಗಿಗೆ ಮೈಕ್ ಕೊಡೋದು ಅಂತ ಮಾತಾಗಿದೆ.

ಲೆಟಿ: ಯಾರ ಯಾರ ಮಧ್ಯೆ ಮಾತಾಗಿದೆ?

ಡಾರ್ಕಸ್: ನನ್ನ ಮತ್ತು ನಿಯಮಾವಳಿ ಮಧ್ಯೆ. ಅವಳ ಹತ್ರ ಹೆಸರುಗಳೆಲ್ಲ ತಯಾರಿವೆ, ಲೆಟಿ. ಫೋನ್ ಮಾಡಿದ್ರೆ ಹೊರಟುಬರ್ತಾಳೆ.

ಲೆಟಿ: ಈ ಮೈಕ್ ಹಿಡಿದೇ ನನ್ನ ಕೂದಲು ನರೆತದ್ದು, ಡಾರ್ಕಸ್. ಅವಳಿಗಿನ್ನೂ ಕೂದಲಿಗೆ ಯಾವ ಬಣ್ಣ ಇರಬೇಕು ಅಂತಲೇ ತೀರ್ಮಾನ ಆಗಿಲ್ಲ. ಹೋದ ಸಲ ನೋಡ್ದಾಗ ಹಸಿರಿತ್ತು.

ಡಾರ್ಕಸ್: ಅವಳ ಮೇಲೆ ನಂಗೇನೂ ಪ್ರೀತಿ ಇಲ್ಲ. ಮೈಕ್ ನಿನ್ನ ಹತ್ರವೇ ಇರ್ಲಿ ಅಂತಲೇ ಹೇಳ್ತಿರೋದು, ಬೇಗ ಒಂದು ಹೆಸರು ಒಪ್ಕೋ.

ಓರಿನ್: ಮತಕ್ಕೆ ಹಾಕ್ಬಿಡೋಣ. ಮೂರು ಜನ ಇದೀವಿ, ಸಮ ಆಗೋದಿಲ್ಲ.

ಡಾರ್ಕಸ್: ಈ ಹಾಲ್‌ನಲ್ಲಿ ಮತ ಹಾಕೋ ಪದ್ಧತಿ ಇಲ್ಲ. ಮತ ಹಾಕಿದ್ರೆ ಒಬ್ಬರು ಸೋಲ್ತಾರೆ. ಒಮ್ಮತ ಬೇಕು.

ಓರಿನ್: ಒಮ್ಮತ ಆದ್ರೆ?

ಡಾರ್ಕಸ್: ಎಲ್ಲರೂ ಸೋಲ್ತಾರೆ. ಸಮವಾಗಿ.

ಓರಿನ್: ನಂಗೆ ತಿಳಿದ ಹಾಗೆ ಒಮ್ಮತ ಅಂದ್ರೆ ಒಬ್ಬರ ಮತ. ಆ ಒಬ್ಬರು ನೀನು.

ಡಾರ್ಕಸ್: ಒಪ್ಪದೇ ಇರೋರು ಪಕ್ಕಕ್ಕೆ ನಿಲ್ಲಬಹುದು ಅಂತ ನಿಯಮ ಇದೆ. ಯಾರ ಬಾಯಿಗೂ ಬೀಗ ಹಾಕಿಲ್ಲ.

ಓರಿನ್: ಹೋದ ಸಭೆಯಲ್ಲಿ ಮೂರೂ ಜನ ಪಕ್ಕಕ್ಕೆ ನಿಂತ್ವಿ. ಮಧ್ಯದಲ್ಲಿ ಯಾರೂ ಉಳೀಲಿಲ್ಲ.

ಡಾರ್ಕಸ್: ಹೌದು. ಆ ಖಾಲಿ ಜಾಗ ಹುಟ್ಟಿದ್ದೇ ಹಾಗೆ.

ಲೆಟಿ ಸೂಪಿನ ಸೌಟು ಕೆಳಗಿಟ್ಟು ಒಂದು ಹಳೆಯ ಬಾಣಲೆ ಎತ್ತಿಕೊಂಡಳು. ಊರಿನವರು ಹೆಸರು ಸೂಚಿಸಿ ಹಾಕಿದ ಚೀಟಿಗಳು ಅದರಲ್ಲಿದ್ದವು. ಸೂಚನಾಪೆಟ್ಟಿಗೆ ಮಾಡಿಸುವ ವಿಚಾರ ಸಮಿತಿಯ ಮುಂದೆ ಇನ್ನೂ ಇದೆ.

ಲೆಟಿ: "ಸುಳಿ."

ಡಾರ್ಕಸ್: ಚೆನ್ನಾಗಿದೆ. ಚಿಕ್ಕದಾಗಿದೆ.

ಲೆಟಿ: ಹೋದ ಬೇಸಿಗೆಯ ಮಳೆಗೆ ನದಿ ಉಕ್ಕಿ ಸೇತುವೆ ಕೊಚ್ಕೊಂಡು ಹೋಗಿದೆ. ಈ ಊರಲ್ಲಿ ಮೈಕ್ ಹಿಡಿದು ಸುಳಿ ಸುಳಿ ಅಂತ ಕೂಗಿದ್ರೆ ಜನ ಅಟ್ಟ ಹತ್ತುತ್ತಾರೆ. ಮುಂದಿನದು, "ಉಪಗ್ರಹ."

ಓರಿನ್: ಇಬ್ಬರಲ್ಲಿ ಗ್ರಹ ಯಾರು, ಉಪಗ್ರಹ ಯಾರು?

ಡಾರ್ಕಸ್: ಮನೆಗೆ ಹೋಗೋವರೆಗೂ ಗಂಡಹೆಂಡ್ತಿ ಅದೇ ಮಾತಾಡ್ತಾ ಹೋಗ್ತಾರೆ. ಬೇಡ.

ಲೆಟಿ: ಇದರಲ್ಲಿ "ಆಲೂಗಡ್ಡೆ" ಅಂತಿದೆ. ಯಾರಪ್ಪ ಇದು?

ಓರಿನ್: ನಾನು.

ಲೆಟಿ: ಯಾಕೆ?

ಓರಿನ್: ಯಾರ ಮನಸ್ಸಿಗೂ ನೋವಾಗಲ್ಲ.

ಡಾರ್ಕಸ್: ಮೇನ್ ರಾಜ್ಯದೋರಿಗೆ ಆಗುತ್ತೆ. ಆಲೂಗಡ್ಡೆ ಬೆಳೆಯೋ ಜನ, ಆ ವಿಷಯದಲ್ಲಿ ತುಂಬಾ ಸೂಕ್ಷ್ಮ.

ಓರಿನ್: ನೋಡು, ಜನ ಯಾವ ಹೆಸರಿಟ್ಟರೂ ಒಗ್ಗಿಹೋಗ್ತಾರೆ. ಗಂಡಸರು, ಹೆಂಗಸರು ಅಂತ ಕೂಗೋದು ಬಿಟ್ಟು ಒಂದು ಕಡೆಯೋರಿಗೆ ಲಾರ್ಕ್, ಇನ್ನೊಂದು ಕಡೆಯೋರಿಗೆ ರಾಬಿನ್ ಅಂತ ಹಕ್ಕಿ ಹೆಸರಿಟ್ರಿ. ನಾನೇನಾದ್ರೂ ಅಂದ್ನಾ? ಹಕ್ಕಿಯಾಗಿ ಎಷ್ಟೋ ಕಾಲ ಆಯ್ತು. ಆರಾಮಾಗಿದೀನಿ.

ಲೆಟಿ: ಮಿರೆಲಾನ ಕೇಳೋಣ ಅಂತ ನಾನು ಕೇಳಿಯೂ ಕೇಳಿದೆ. "ಒಂದು ಮಾತು ಬಿಡಿ ಅಂದೆ. ಬಿಟ್ರಿ. ಉಪಕಾರ ಆಯ್ತು. ಈಗ ಅದರ ಜಾಗಕ್ಕೆ ಹುಟ್ಟೋ ಮಗುಗೆ ನಾನೇ ಸೂಲಗಿತ್ತಿ ಆಗಬೇಕಾ? ನಾನು ಕುಣಿಯೋಕೆ ಬಂದಿರೋದು" ಅಂದ್ಲು.

ಡಾರ್ಕಸ್: ಸರಿಯಾಗೇ ಅಂದಿದಾಳೆ. ಹೆಸರಿಡೋದು ನಮ್ಮ ಕೆಲಸ. ನಂದೊಂದು ಸಲಹೆ ಇದೆ. ಎಲ್ಲ ಅಂಶವನ್ನೂ ಸೇರಿಸಿದೀನಿ. "ಪರಸ್ಪರ ಒಪ್ಪಿಗೆ ಇದ್ದಲ್ಲಿ ಕಣ್ಣೋಟ ಸಮೇತ, ಇಲ್ಲದಿದ್ದಲ್ಲಿ ಕಿವಿಯನ್ನು ನೋಡುತ್ತಾ, ಒಂದು ಸುತ್ತು."

ಲೆಟಿ: ಡಾರ್ಕಸ್, ತಾಳ ಬೀಳೋಕೆ ಮುಂಚೆ ಮಾತು ನನ್ನ ಬಾಯಿಂದ ಹೊರಗೆ ಬಿದ್ದಿರಬೇಕು. ಇದನ್ನ ಹೇಳಿ ಮುಗಿಸೋಷ್ಟರಲ್ಲಿ ಅವರು ಸಾಲಿನ ಆ ತುದಿ ತಲುಪಿ, ಬೂಟು ಬಿಚ್ಚಿಟ್ಟು, ಸೂಪು ಕುಡೀತಿರ್ತಾರೆ.

ಡಾರ್ಕಸ್: ಹಾಗಾದ್ರೆ ಉಳಿದದ್ದು ಎರಡೇ. ನಿಂದು "ಬಲಭುಜ." ಓರಿನ್‌ದು "ಕಣ್ಣುಸುತ್ತು."

ಲೆಟಿ: ಬಲಭುಜವೇ ಸರಿ. ಯಾವ ಭುಜ ಒಳಗಿರಬೇಕು ಅಂತ ಹೆಸರಲ್ಲೇ ಇದೆ. ಹೊಸಬರಿಗೆ ಸುಲಭ.

ಓರಿನ್: ಹೆಸರಲ್ಲಿ ಕಣ್ಣು ಇರಬೇಕು.

ಆಲೂಗಡ್ಡೆಗೂ ಒಪ್ಪಿದ್ದ ಮನುಷ್ಯನ ದನಿಯಲ್ಲಿ ಇಷ್ಟು ಗಡಸು ಬಂದದ್ದು ಕೇಳಿ ಇಬ್ಬರೂ ಅವನ ಕಡೆ ನೋಡಿದರು.

ಲೆಟಿ: ಯಾಕಿರಬೇಕು? ಕಣ್ಣು ಅಂದ್ರೆ ಹೊಸಬರು ಹೆದರ್ತಾರೆ. ನಮ್ಮ ಜನ ತಾವು ಸಾಕಿದ ಹಸುವಿನ ಕಣ್ಣನ್ನೂ ಅಷ್ಟು ಹೊತ್ತು ನೋಡಿದವರಲ್ಲ.

ಓರಿನ್: ಭುಜ ಅಂದ್ರೆ ಜನ ಭುಜ ನೋಡ್ತಾರೆ. ಮುಖ ಎಲ್ಲೋ ಇರುತ್ತೆ. ಮುಖ ನನ್ನ ಕಡೆಗಿರಬೇಕು. ಪೂರ್ತಿ. ಸುತ್ತು ಮುಗಿಯೋವರೆಗೂ.

ಡಾರ್ಕಸ್ (ಎದೆಯ ಮೇಲೆ ಕೈಯಿಟ್ಟು): ಕೇಳಿದ್ಯಾ, ಲೆಟಿ? ಹೀಗೆ ಯಾರು ಮಾತಾಡ್ತಾರೆ ಈ ಕಾಲದಲ್ಲಿ?

ಲೆಟಿ: ಮನೇಲಿ ಊಟದ ಹೊತ್ತಲ್ಲಿ ಇವನ ಮುಖ ಟಿವಿ ಕಡೆ ಇರುತ್ತೆ. ಪೂರ್ತಿ. ಊಟ ಮುಗಿಯೋವರೆಗೂ.

ಡಾರ್ಕಸ್: ಬಾಯಿಮಾತಲ್ಲಿ ಬಗೆಹರಿಯಲ್ಲ. ಕುಣಿದು ನೋಡೋಣ. ಓರಿನ್, ಎದ್ದೇಳು. ನಾವಿಬ್ರೂ ಎದುರಾಗೋಣ. ಲೆಟಿ, ನೀನು ಕೂಗು. ಎರಡು ಹೆಸರಲ್ಲೂ ಒಂದೊಂದು ಸಲ.

ಮೇಜನ್ನು ಗೋಡೆಗೆ ತಳ್ಳಿದರು. ಡಾರ್ಕಸ್ ಒಲೆಯ ಪಕ್ಕ, ಓರಿನ್ ಪಾತ್ರೆಯ ಕಪಾಟಿನ ಪಕ್ಕ. ಲೆಟಿ ಸೌಟನ್ನು ಮೈಕಿನಂತೆ ಬಾಯಿಯ ಹತ್ತಿರ ಹಿಡಿದು, ಧಾಟಿ ಗುನುಗುತ್ತ, ತಾಳಕ್ಕೆ ಒಂದಿಷ್ಟು ಮುಂಚೆ ಗಟ್ಟಿಯಾಗಿ ಕೂಗಿದಳು.

ಲೆಟಿ: ಬಲಭುಜ!

ಡಾರ್ಕಸ್ ಬಲಭುಜ ಮುಂದೆ ಮಾಡಿಕೊಂಡು ಬಂದಳು. ಓರಿನ್ನೂ ಬಂದ. ಮರುಗಳಿಗೆ ಓರಿನ್ ಮೂಗಿನ ತುದಿಗೆ ಜಾರಿದ ಕನ್ನಡಕ ಹಿಡಿದು ಕಪಾಟಿಗೆ ಒರಗಿ ನಿಂತಿದ್ದ. ಮೇಲಿನ ಸಾಲಿನ ಮುಚ್ಚಳಗಳು ಒಂದೊಂದಾಗಿ, ತಾಳ ತಪ್ಪದೆ, ಕೆಳಗುರುಳಿದವು.

ಲೆಟಿ: ಬಲಭುಜ ಅಂದೆ. ಭುಜಬಲ ತೋರಿಸು ಅನ್ಲಿಲ್ಲ.

ಡಾರ್ಕಸ್: ಭುಜ ಅಂತ ಕೂಗಿದ್ಮೇಲೆ ಭುಜವೇ ತಾನೇ ಮುಂದೆ ಬರೋದು? ಮೂಗು ಅಂದಿದ್ರೆ ಮೂಗು ತರ್ತಿದ್ದೆ.

ಲೆಟಿ: ಇಷ್ಟು ವರ್ಷದಿಂದ ಕುಣೀತಿದೀಯ!

ಡಾರ್ಕಸ್: ಇಷ್ಟು ವರ್ಷ ನೀನು ನನ್ನ ದೇಹದ ಯಾವ ಭಾಗವನ್ನೂ ಹೆಸರು ಹಿಡಿದು ಕರೆದಿರ್ಲಿಲ್ಲ. ಗಾಬರಿಯಾಯ್ತು.

ಓರಿನ್: ಪೆಟ್ಟೇನೂ ಆಗಿಲ್ಲ. ಯಾರೂ ಕೇಳಲಿಲ್ಲ, ಆದ್ರೂ ಹೇಳ್ತಿದೀನಿ.

ಡಾರ್ಕಸ್: ಈಗ ಇನ್ನೊಂದು. ಕೂಗು, ಲೆಟಿ.

ಲೆಟಿ ಸೌಟು ಎತ್ತಿದಳು. ಗುನುಗು ಈ ಸಲ ಸ್ವಲ್ಪ ನಿಧಾನವಾಗಿ ಹೊರಟಿತು. ಕೂಗಬೇಕಾದ ತಾಳ ದಾಟಿದ ಮೇಲೆ ಕೂಗಿದಳು.

ಲೆಟಿ: ಕಣ್ಣುಸುತ್ತು.

ಇಬ್ಬರೂ ಹತ್ತಿರ ಬಂದರು. ಯಾರಿಗೂ ಯಾರೂ ತಾಗಲಿಲ್ಲ. ಮುಖಕ್ಕೆ ಮುಖ ಕೊಟ್ಟು, ನೀಟಾಗಿ, ನೆಲದಲ್ಲಿ ಬಿದ್ದಿದ್ದ ಮುಚ್ಚಳಗಳನ್ನು ದಾಟಿಕೊಂಡು ಸುತ್ತು ಮುಗಿಸಿದರು. ಡಾರ್ಕಸ್ ಹಿಂದೆ ಸರಿದು ನಿಂತಳು. ಅಂಗಡಿಯಲ್ಲಿ ಕೇಳಿದ ಬಣ್ಣದ ನೂಲು ಸಿಗದೆ ಬೇರೆ ಬಣ್ಣದ್ದು ಕೈಗೆ ಬಂದಂತಿತ್ತು ಅವಳ ಮುಖ.

ಓರಿನ್: ನೋಡಿದ್ರಾ? ಒಂದು ಮುಚ್ಚಳ ಬೀಳಲಿಲ್ಲ.

ಡಾರ್ಕಸ್: ಹೂಂ. ಸುತ್ತು ಸರಿಯಾಗಿತ್ತು. ಆದ್ರೆ ಇವತ್ತು ಅದು ಬರ್ಲಿಲ್ಲ.

ಲೆಟಿ: ಯಾವುದು ಬರ್ಲಿಲ್ಲ?

ಡಾರ್ಕಸ್: ಆ ನೋಟ. ಓರಿನ್ ನೋಟ. ಇವತ್ತು ಯಾಕೋ ಸುಮ್ನೆ ನೋಡಿದ. ಅಂಚೆಯವನು ನೋಡಿದ ಹಾಗೆ.

ಲೆಟಿ: ಬೇರೆ ದಿನ ಹೇಗೆ ನೋಡ್ತಾನೆ?

ಡಾರ್ಕಸ್: ನಿಂಗೆ ಗೊತ್ತಿಲ್ವಾ? ಊರಿಗೆಲ್ಲ ಗೊತ್ತು.

ಲೆಟಿ: ಊರಿಗೆ ಗೊತ್ತಿರೋದನ್ನ ನಂಗೂ ಒಂಚೂರು ಹೇಳು.

ಡಾರ್ಕಸ್ ಮತ್ತೆ ಕುರ್ಚಿಯಲ್ಲಿ ಕೂತಳು. ಈ ಸಲ ಕುರ್ಚಿಯನ್ನು ಎಳೆಯಲಿಲ್ಲ.

ಡಾರ್ಕಸ್: ನಮ್ಮ ವಾರೆನ್ ತೀರಿಕೊಂಡ ಚಳಿಗಾಲ ನೆನಪಿದ್ಯಾ? ನಾನು ಕುಣಿಯೋಕೆ ಬರಲ್ಲ ಅಂದೆ, ನೀನೇ ಎಳ್ಕೊಂಡು ಬಂದೆ. ಯಾರನ್ನ ನೋಡಿದ್ರೂ "ಹೇಗಿದೀಯ, ಹೇಗಿದೀಯ." ಸಾಕಾಗಿಹೋಗಿತ್ತು. ಆಗ ಸಾಲಲ್ಲಿ ಓರಿನ್ ಎದುರಾದ. ಒಂದು ಮಾತಾಡ್ಲಿಲ್ಲ. ಹುಬ್ಬು ಗಂಟು ಹಾಕ್ಕೊಂಡು, ಕಣ್ಣು ಕಿರಿದು ಮಾಡಿ, ತಲೆ ಒಂಚೂರು ಮುಂದಕ್ಕೆ ಬಗ್ಗಿಸಿ, ನನ್ನ ಮುಖ ನೋಡಿದ. ನೋಡ್ತಾನೇ ಇದ್ದ. ನನ್ನೊಳಗೆ ಇರೋದನ್ನೆಲ್ಲ ಸಾಲು ಸಾಲಾಗಿ ಓದ್ತಿದಾನೆ ಅನ್ನಿಸ್ತು. ಹೋಗಿ ಕೋಟು ತೂಗುಹಾಕೋ ಕೋಣೆಯಲ್ಲಿ ಮನಸಾರೆ ಅತ್ತೆ. ಮಾರನೇ ದಿನದಿಂದ ಊಟ ಸೇರ್ತು.

ಓರಿನ್ ಮುಚ್ಚಳಗಳನ್ನು ಆರಿಸತೊಡಗಿದ.

ಡಾರ್ಕಸ್: ನಾನೊಬ್ಬಳೇ ಅಲ್ಲ. ಗ್ರಂಥಾಲಯದ ಫಿಲಿಪ್ಪಾನ ಕೇಳು. ಆ ಒಂದು ಸುತ್ತಿಗೋಸ್ಕರ ಇಡೀ ವಾರ ಪುಸ್ತಕ ಜೋಡಿಸ್ತೀನಿ ಅಂತಾಳೆ. ಅದಕ್ಕೇ ನಾನೂ ಹೆಸರಲ್ಲಿ ಕಣ್ಣಿರ್ಲಿ ಅನ್ನೋದು. ಭುಜ ಅಂದ್ರೆ ಅದೆಲ್ಲ ಹೋಗ್ಬಿಡುತ್ತೆ.

ಲೆಟಿ ಒಲೆಯ ಕಡೆ ತಿರುಗಿ ಸೂಪನ್ನು ತಿರುವಿದಳು. ತಿರುವುವ ಅಗತ್ಯವೇನೂ ಇರಲಿಲ್ಲ.

ಲೆಟಿ: ನಂಗೊತ್ತು ಆ ನೋಟ.

ಡಾರ್ಕಸ್: ಮತ್ತೆ ಕೇಳಿದ್ದು?

ಲೆಟಿ: ಊರಿಗೆ ಎಷ್ಟು ಗೊತ್ತಿದೆ ಅಂತ ತಿಳ್ಕೊಳ್ಳೋಕೆ. ನನ್ನ ಮೊದಲ ಸಲ ಇವನು ನೋಡಿದ್ದೂ ಹಾಗೇ. ಗ್ರೀನ್‌ಫೀಲ್ಡ್‌ನ ಕುಣಿತದಲ್ಲಿ. ಹುಬ್ಬು ಗಂಟು, ಕಣ್ಣು ಕಿರಿದು. ನಂಗಾಗ ಒಬ್ಬ ಹಲ್ಲಿನ ಡಾಕ್ಟರ್ ಜೊತೆ ನಿಶ್ಚಯ ಆಗಿತ್ತು. ಒಳ್ಳೆ ಮನುಷ್ಯ. ಆದ್ರೆ ಅವನು ಯಾವತ್ತೂ ನೋಡ್ತಿದ್ದಿದ್ದು ನನ್ನ ಹಲ್ಲು. ಈ ಮನುಷ್ಯನ ಒಂದು ಸುತ್ತು ಮುಗಿಯೋಷ್ಟರಲ್ಲಿ ನಾನು ಉಂಗುರ ವಾಪಸ್ ಕೊಡೋದು ಅಂತ ತೀರ್ಮಾನ ಮಾಡಿದ್ದೆ.

ಡಾರ್ಕಸ್: ಇದನ್ನ ನೀನು ಯಾವತ್ತೂ ಹೇಳಿರ್ಲಿಲ್ಲ.

ಲೆಟಿ: ಹೇಳೋದೇನು? ಮದುವೆ ಆದ್ಮೇಲೆ ಕೂಗೋರು ಯಾರೂ ಇಲ್ಲ ಅಂತ ಮೈಕ್ ನನ್ನ ಕೈಗೆ ಕೊಟ್ರು. ಅವತ್ತಿಂದ ನಾನು ವೇದಿಕೆ ಮೇಲೆ, ಇವನು ಕೆಳಗೆ. ಮೈಕ್ ನನ್ನ ಪಾಲಿಗೆ, ಗಂಡ ಊರಿನ ಪಾಲಿಗೆ. ಸಾಲು ಮುಂದೆ ಹೋದ ಹಾಗೆ ಒಬ್ಬೊಬ್ಬಳೇ ಎದುರು ಬರ್ತಾಳೆ, ಇವನು ಒಬ್ಬೊಬ್ಬಳನ್ನೂ ಹಾಗೇ ನೋಡ್ತಾನೆ. ಎಲ್ಲ ನಂಗೆ ಮೇಲಿಂದ ಚೆನ್ನಾಗಿ ಕಾಣುತ್ತೆ. ಹಳೇ ಹೆಸರಲ್ಲಿ ಕಣ್ಣಿರ್ಲಿಲ್ಲ. ಕೂಗ್ತಿದ್ದೆ, ಅಷ್ಟೇ, ಮನಸ್ಸಿಗೆ ಇಳೀತಿರ್ಲಿಲ್ಲ. ಈಗ "ಕಣ್ಣುಸುತ್ತು" ಅಂತ ಕೂಗು ಅಂತೀರಿ. ನಾನೇ, ಮೈಕಲ್ಲಿ, ಇಡೀ ಊರು ಕೇಳೋ ಹಾಗೆ, ಕಟ್ಕೊಂಡ ಗಂಡನಿಗೆ, "ಈಗ ಫಿಲಿಪ್ಪಾ ಕಣ್ಣು ನೋಡು, ಆಯ್ತಾ, ಈಗ ಡಾರ್ಕಸ್ ಕಣ್ಣು ನೋಡು" ಅಂತ ಅಪ್ಪಣೆ ಕೊಡ್ತಾ ನಿಲ್ಲಬೇಕಾ?

ಓರಿನ್ ಕೈಯಲ್ಲಿದ್ದ ಮುಚ್ಚಳಗಳನ್ನು ಸದ್ದಾಗದಂತೆ ಎದೆಗೆ ಅವುಚಿಕೊಂಡ.

ಡಾರ್ಕಸ್: ಇದು ಸಮಿತಿ ಮುಂದೆ ಬರಬೇಕಾದ ವಿಷಯ ಹೌದಾ ಅಲ್ವಾ ಅಂತ ನಂಗೆ ತಿಳೀತಿಲ್ಲ.

ಲೆಟಿ: ಬಂದಾಯ್ತಲ್ಲ.

ಡಾರ್ಕಸ್: ಹಾಗಾದ್ರೆ ನಾನು ಪಕ್ಕಕ್ಕೆ ನಿಲ್ತೀನಿ. ಬಲಭುಜವೇ ಆಗ್ಲಿ. ನಂಗೆ ಸಿಗೋ ಸಮಾಧಾನ ಸಿಕ್ಕಾಗಿದೆ.

ಲೆಟಿ: ಬೇಡ. ನಿನ್ನ ಊಟ ಸೇರಿದ್ದು ಆ ನೋಟದಿಂದ. ನಾನ್ಯಾರು ಕಿತ್ಕೊಳ್ಳೋಕೆ? ನಾನೇ ಪಕ್ಕಕ್ಕೆ ನಿಲ್ತೀನಿ. ಕಣ್ಣುಸುತ್ತೇ ಆಗ್ಲಿ.

ಡಾರ್ಕಸ್: ನಿನ್ನ ಹೊಟ್ಟೆ ಉರಿಸಿ ನಾನು ಕುಣೀಲಾ? ಬಲಭುಜ.

ಲೆಟಿ: ನೀನು ಇವನನ್ನ ಕಪಾಟಿಗೆ ತಳ್ಳಿದ್ದನ್ನ ನೋಡಿದೀನಿ. ಬಲಭುಜ ಅಂದ್ರೆ ರಾತ್ರಿ ಮುಗಿಯೋಷ್ಟರಲ್ಲಿ ನಾಲ್ಕು ಜನಕ್ಕೆ ಕಟ್ಟು ಹಾಕಬೇಕಾಗುತ್ತೆ. ಕಣ್ಣುಸುತ್ತು.

ಡಾರ್ಕಸ್: ಭುಜ!

ಲೆಟಿ: ಕಣ್ಣು!

ಓರಿನ್: ಇಬ್ಬರೂ ಪಕ್ಕಕ್ಕೆ ನಿಂತ್ರಿ ಅಂತಾಯ್ತು. ಮಧ್ಯದಲ್ಲಿ ಈಗ ನಾನೊಬ್ಬನೇ ಇದೀನಿ.

ಡಾರ್ಕಸ್: ನಿಯಮದ ಪ್ರಕಾರ ಹಾಗೇ. ನಿಂತಿರೋರಲ್ಲಿ ಭಿನ್ನಾಭಿಪ್ರಾಯ ಇದ್ಯಾ?

ಓರಿನ್: ನನ್ನಲ್ಲಾ? ಇಲ್ಲ. ಕಣ್ಣುಸುತ್ತು.

ಡಾರ್ಕಸ್: ಒಮ್ಮತ.

ಹೊರಗೆ ಕೆಸರಿನಲ್ಲಿ ಕಾರುಗಳು ಬಂದು ನಿಲ್ಲುವ ಸದ್ದಾಯಿತು. ಹಾಲ್‌ನಲ್ಲಿ ಯಾರೋ ಪಿಟೀಲಿನ ಶ್ರುತಿ ಮಾಡಿಕೊಳ್ಳತೊಡಗಿದರು. ಡಾರ್ಕಸ್ ಸೀಮೆಸುಣ್ಣ ತೆಗೆದುಕೊಂಡು, ಬಾಗಿಲಲ್ಲಿಡುವ ಕಪ್ಪು ಹಲಗೆಯ ಮೇಲೆ 'ಈ ದಿನದಿಂದ' ಎಂದು ದೊಡ್ಡದಾಗಿ ಬರೆದು, ಕೆಳಗೆ 'ಕಣ್' ಎಂಬಲ್ಲಿಗೆ ಬಂದಿದ್ದಳು. ಲೆಟಿ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು, ಕೂದಲು ಸರಿಮಾಡಿಕೊಂಡಳು. ಮೈಕು ಅವಳದಾಗಿಯೇ ಉಳಿದಿತ್ತು. ಆದರೂ ಹೊರಡಲಿಲ್ಲ.

ಲೆಟಿ: ಓರಿನ್, ಕೂಗ್ತೀನಿ. ಕೊಟ್ಟ ಮಾತು ಕೊಟ್ಟ ಹಾಗೇ. ಆದ್ರೆ ಒಂದು ವಿಷಯ ತಿಳ್ಕೊಂಡು ಕೂಗ್ತೀನಿ. ಯಾವ ಹೆಸರಾದ್ರೂ ಆಗುತ್ತೆ ಅನ್ನೋನು ಇದೊಂದರಲ್ಲಿ ಮಾತ್ರ ಹಟ ಹಿಡಿದೆ. ಹೆಸರಲ್ಲಿ ಕಣ್ಣಿರಬೇಕು, ಮುಖ ನನ್ನ ಕಡೆಗಿರಬೇಕು ಅಂದೆ. ಡಾರ್ಕಸ್ ಅತ್ತಳು, ಫಿಲಿಪ್ಪಾ ವಾರವಿಡೀ ಕಾಯ್ತಾಳೆ, ನಾನು ನಿಶ್ಚಯ ಮುರ್ಕೊಂಡೆ. ಅಷ್ಟು ಹೊತ್ತು, ಅಷ್ಟು ಆಸೆಯಿಂದ, ಎದುರಿಗೆ ಬಂದೋರ ಮುಖದಲ್ಲಿ ಏನು ಹುಡುಕ್ತಿರ್ತೀಯ ನೀನು?

ಡಾರ್ಕಸ್ಸಳ ಸೀಮೆಸುಣ್ಣ ಹಲಗೆಯ ಮೇಲೆ ಹಾಗೆಯೇ ನಿಂತಿತು. ಓರಿನ್ ಮುಚ್ಚಳಗಳನ್ನು ಒಂದರ ಮೇಲೊಂದು ಜೋಡಿಸಿ ಕಪಾಟಿನಲ್ಲಿಟ್ಟು, ಯೋಚಿಸಿ ಹೇಳಿದ.

ಓರಿನ್: ಯಾರು ಅಂತ. ಬೆವರಿಗೆ ಮಂಜು ಕಟ್ಟುತ್ತೆ ಅಂತ ಕುಣಿಯೋವಾಗ ಕನ್ನಡಕ ತೆಗೆದು ಜೇಬಲ್ಲಿಡ್ತೀನಲ್ಲ, ಎಲ್ಲ ಮಬ್ಬು ಮಬ್ಬು. ಮುಖ ಈ ಕಡೆ ಇದ್ರೆ ಸ್ವಲ್ಪ ಅನುಕೂಲ. ಆದ್ರೂ ಹೆಚ್ಚಿನ ಸಲ, ಗೊತ್ತಾಗೋಷ್ಟರಲ್ಲಿ ಸುತ್ತು ಮುಗಿದಿರುತ್ತೆ.